ಹೆಚ್ಚು ಅಂಕ ಗಳಿಸಿದವರೂ ಸೋಲುವ ಆಟ

ಟೆನಿಸ್‌ನಲ್ಲಿ ಡ್ರಾ ಇಲ್ಲ, ಇಂತಿಷ್ಟೇ ಹೊತ್ತು ಎಂಬ ಗಡುವೂ ಇಲ್ಲ. ಎದುರಾಳಿಗಿಂತ ಹೆಚ್ಚು ಅಂಕ ಗಳಿಸಿ ಸೋತವರೂ ಇದ್ದಾರೆ. ಈ ಆಟದ ಲೆಕ್ಕವೇ ಹಾಗಿದೆ.

ಅಂಕ, ಗೇಮ್, ಸೆಟ್

ಗೇಮ್‌ನ ಎಣಿಕೆ ಸೊನ್ನೆ, 15, 30, 40 ಎಂದು ಸಾಗುತ್ತದೆ. ಅದರ ಮೇಲೆ ಇನ್ನೊಂದು ಅಂಕ ಬಂದರೆ ಗೇಮ್ ಕೈವಶ. ಇಬ್ಬರೂ 40ಕ್ಕೆ ಬಂದರೆ ಅದು ಡ್ಯೂಸ್; ಅಲ್ಲಿಂದ ಬೆನ್ನುಬೆನ್ನಿಗೆ ಎರಡು ಅಂಕ ಗೆಲ್ಲಲೇಬೇಕು. ಮೊದಲನೆಯದು ಅಡ್ವಾಂಟೇಜ್, ಎರಡನೆಯದು ಗೇಮ್. ಸರ್ವ್ ಮಾಡುವವರ ಅಂಕವನ್ನು ಅಂಪೈರ್ ಮೊದಲು ಹೇಳುತ್ತಾರೆ. ಹಾಗಾಗಿ ‘15–40’ ಎಂದು ಕೇಳಿಸಿದರೆ ಸರ್ವ್ ಮಾಡುವವರಿಗೇ ಸಂಕಟ.

ಎರಡು ಗೇಮ್‌ಗಳ ಅಂತರದೊಂದಿಗೆ ಆರು ಗೇಮ್ ಗೆದ್ದರೆ ಸೆಟ್. 6–6 ಆದರೆ ಟೈಬ್ರೇಕರ್: ಅಲ್ಲಿ 1, 2, 3 ಎಂಬ ನೇರ ಎಣಿಕೆ, ಏಳು ಅಂಕ, ಅಲ್ಲೂ ಎರಡರ ಅಂತರ. ಮೂರು ಸೆಟ್‌ಗಳಲ್ಲಿ ಎರಡನ್ನು ಗೆದ್ದರೆ ಪಂದ್ಯ. ಗ್ರ್ಯಾನ್‌ಸ್ಲಾಮ್‌ನ ಪುರುಷರ ಸಿಂಗಲ್ಸ್‌ನಲ್ಲಿ ಮಾತ್ರ ಐದರಲ್ಲಿ ಮೂರು.

ಸೆಟ್ ಮುಗಿದರೆ ಮತ್ತೆ ಸೊನ್ನೆ

6–0ರಿಂದ ಗೆದ್ದರೂ ಒಂದೇ ಸೆಟ್, ಟೈಬ್ರೇಕರ್‌ನಲ್ಲಿ ಏದುಸಿರು ಬಿಟ್ಟು ಗೆದ್ದರೂ ಒಂದೇ ಸೆಟ್. 2019ರ ವಿಂಬಲ್ಡನ್ ಫೈನಲ್ ನೋಡಿ. ರೋಜರ್ ಫೆಡರರ್ 218 ಅಂಕ, 36 ಗೇಮ್ ಗೆದ್ದರು. ನೊವಾಕ್ ಜೊಕೊವಿಚ್‌ಗೆ ದಕ್ಕಿದ್ದು 204 ಅಂಕ, 32 ಗೇಮ್. ಆಗ ಅಲ್ಲಿ ಐದನೇ ಸೆಟ್ 6–6ಕ್ಕೇ ಟೈಬ್ರೇಕರ್‌ಗೆ ಹೋಗುತ್ತಿರಲಿಲ್ಲ; ಆ ಸೆಟ್‌ನಲ್ಲಿ 8–7ರ ಮುನ್ನಡೆಯಲ್ಲಿ ಫೆಡರರ್ ಸರ್ವ್ ಮಾಡುತ್ತಿದ್ದರು, ಅಂಕ 40–15. ಎರಡರಲ್ಲಿ ಒಂದು ಗೆದ್ದಿದ್ದರೆ ಪ್ರಶಸ್ತಿ ಅವರದೇ. ಎರಡೂ ಕೈತಪ್ಪಿದವು. ಮೂರು ಟೈಬ್ರೇಕರ್‌ಗಳನ್ನೂ ಗೆದ್ದ ಜೊಕೊವಿಚ್ ಟ್ರೋಫಿ ಎತ್ತಿದರು. ಅನ್ಯಾಯ ಎನ್ನುವವರಿದ್ದಾರೆ; ನನಗೇನೋ ಟೆನಿಸ್‌ನ ರುಚಿಯೇ ಇದು ಅನಿಸುತ್ತದೆ.

ಮೂರು ದಿನದ ಪಂದ್ಯ

2019ಕ್ಕಿಂತ ಹಿಂದೆ ವಿಂಬಲ್ಡನ್‌ನ ಕೊನೆಯ ಸೆಟ್‌ಗೆ ಟೈಬ್ರೇಕರ್ ಇರಲೇ ಇಲ್ಲ. 2010ರಲ್ಲಿ ಜಾನ್ ಇಸ್ನರ್ ಮತ್ತು ನಿಕೊಲಾ ಮಾಹು ಮೂರು ದಿನಗಳಲ್ಲಿ ಒಟ್ಟು 11 ಗಂಟೆ 5 ನಿಮಿಷ ಆಡಿದರು. ಐದನೇ ಸೆಟ್ 70–68! ನಡುವೆ ಸ್ಕೋರ್‌ಬೋರ್ಡ್ 47–47ಕ್ಕೇ ಕೈಚೆಲ್ಲಿ ನಿಂತಿತು. ಇಲ್ಲೂ ಹೆಚ್ಚು ಅಂಕ ಸೋತ ಮಾಹು ಅವರದೇ: 502. ಇಸ್ನರ್‌ಗೆ 478. 2022ರಿಂದ ನಾಲ್ಕೂ ಗ್ರ್ಯಾನ್‌ಸ್ಲಾಮ್‌ಗಳಲ್ಲಿ ಕೊನೆಯ ಸೆಟ್ 6–6 ಆದರೆ 10 ಅಂಕಗಳ ಟೈಬ್ರೇಕರ್.

ಮೆಚ್ಚಿನ ಆಟಗಾರರು

ಸಿಂಗಲ್ಸ್ ಗ್ರ್ಯಾನ್‌ಸ್ಲಾಮ್ ಪ್ರಶಸ್ತಿಗಳ ಲೆಕ್ಕದಲ್ಲಿ ಜೊಕೊವಿಚ್ 24, ರಫೆಲ್ ನಡಾಲ್ 22, ಫೆಡರರ್ 20. ನಡಾಲ್ ಅವರ 14 ಪ್ರಶಸ್ತಿಗಳು ಪ್ಯಾರಿಸ್‌ನ ಆವೆಮಣ್ಣಿನ ಅಂಗಳದಲ್ಲೇ ಬಂದವು. ಸೆರೆನಾ ವಿಲಿಯಮ್ಸ್ ಗೆದ್ದದ್ದು 23. ಸ್ಟೆಫಿ ಗ್ರಾಫ್ 1988ರಲ್ಲಿ ನಾಲ್ಕೂ ಗ್ರ್ಯಾನ್‌ಸ್ಲಾಮ್ ಜತೆ ಒಲಿಂಪಿಕ್ ಚಿನ್ನವನ್ನೂ ಗೆದ್ದರು. ಒಂದೇ ವರ್ಷದಲ್ಲಿ ಐದನ್ನೂ ಗೆದ್ದ ಮತ್ತೊಬ್ಬರು ಸಿಂಗಲ್ಸ್‌ನಲ್ಲಿ ಇಲ್ಲ.

ನಮ್ಮವರಲ್ಲಿ ರಾಮನಾಥನ್ ಕೃಷ್ಣನ್ 1960 ಮತ್ತು 1961ರಲ್ಲಿ ವಿಂಬಲ್ಡನ್ ಸೆಮಿಫೈನಲ್ ತಲುಪಿದ್ದರು. ಲಿಯಾಂಡರ್ ಪೇಸ್ 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಕಂಚು ತಂದರು. ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡನ್ ಜತೆಗೂಡಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಫೈನಲ್‌ನ ಮೊದಲ ಸೆಟ್ 6–6 ಆದಾಗ ಟೈಬ್ರೇಕರ್‌ನಲ್ಲಿ ಎದುರಾಳಿಗಳಿಗೆ ಒಂದೇ ಒಂದು ಅಂಕವನ್ನೂ ಬಿಟ್ಟುಕೊಡಲಿಲ್ಲ. ಆಗ ಬೋಪಣ್ಣನವರ ವಯಸ್ಸು 43.