ಕಾಮಣಿ ಆಗಿತ್ತೇನ್ರಿ?

ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣದಲ್ಲಿ ರಾತ್ರಿ ಬೆಂಗಳೂರು ಬಸ್ಸಿಗೆ ಕಾಯುವವರ ಕಂಕುಳಲ್ಲಿ ಎಂಆರ್‌ಐ ಫಿಲ್ಮಿನ ಅಗಲ ಲಕೋಟೆ ಕಂಡರೆ, ಅವರು ಅಲ್ಲಿನ ನರರೋಗ ಆಸ್ಪತ್ರೆ ನಿಮ್ಹಾನ್ಸ್‌ಗೆ ಹೊರಟವರಿರಬೇಕು ಎಂದು ಅಂದಾಜಿಸಬಹುದು. ಊರಿನಲ್ಲಿ 1957ರಿಂದಲೂ ಮೆಡಿಕಲ್ ಕಾಲೇಜಿದೆ. ಆದರೂ ನರದ ತಕರಾರು ಬಿಗಡಾಯಿಸಿದರೆ ನಾನೂರು ಕಿಲೋಮೀಟರ್ ದಾಟುವುದು ಈ ಸೀಮೆಯ ಹಳೆಯ ರೂಢಿ.

ಅಂಥ ತಕರಾರುಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಒಂದು. ನರತಂತುವಿನ ಹೊದಿಕೆಯನ್ನು ದೇಹದ ರೋಗನಿರೋಧಕ ಕಣಗಳೇ ಹಾಳುಮಾಡುವ ಕಾಯಿಲೆ ಇದು. ಒಂದು ಕಣ್ಣು ಮಂಜಾಗುತ್ತದೆ, ಇಲ್ಲವೇ ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿದ್ದೇ ತಿಳಿಯುವುದಿಲ್ಲ. ಇದು ಚಳಿದೇಶದವರ ರೋಗವೆಂಬ ನಂಬಿಕೆ ವೈದ್ಯರಲ್ಲೂ ಬಹುಕಾಲ ಇತ್ತು. ಮಂಗಳೂರಿನಲ್ಲಿ ಡಾ. ಲೇಖಾ ಪಂಡಿತ್ ಅವರ ತಂಡ ರೋಗಿಗಳ ದಾಖಲೆ ಇಟ್ಟು ಎಣಿಸಿ, 2014ರಲ್ಲಿ ಲಕ್ಷಕ್ಕೆ ಸುಮಾರು 8 ಮಂದಿ ಎಂದು ಪ್ರಕಟಿಸಿತು. ಹಿಂದಿನ ಅಂದಾಜಿಗಿಂತ ಇದು ಎಷ್ಟೋ ಹೆಚ್ಚು.

ಮದ್ದಿನ ಕಥೆ ಬೇರೆ ಕಡೆ ಶುರುವಾಗುತ್ತದೆ. 2004ರ ನವೆಂಬರಿನಲ್ಲಿ ಅಮೆರಿಕದಲ್ಲಿ ನಟಾಲಿಜುಮ್ಯಾಬ್ ಎಂಬ ಇಂಜೆಕ್ಷನ್‌ಗೆ ಒಪ್ಪಿಗೆ ಸಿಕ್ಕಿತು. ರೋಗನಿರೋಧಕ ಕಣಗಳು ರಕ್ತದಿಂದ ಮಿದುಳಿಗೆ ದಾಟದಂತೆ ತಡೆಯುವುದು ಅದರ ಕೆಲಸ. ಅದು ಕೆಲಸ ಮಾಡಿತು, ತುಸು ಅತಿಯಾಗಿಯೇ ಮಾಡಿತು. ಮಿದುಳು ಕಾಯುವ ಕಾವಲುಗಾರರೂ ಹೊರಗೇ ಉಳಿದರು. ಮೂರೇ ತಿಂಗಳಲ್ಲಿ, 2005ರ ಫೆಬ್ರವರಿ 28ರಂದು, ಕಂಪನಿಯವರೇ ಮದ್ದನ್ನು ಹಿಂದಕ್ಕೆ ತೆಗೆದುಕೊಂಡರು. ಪ್ರಯೋಗದಲ್ಲಿ ಅದನ್ನು ಪಡೆದವರ ಪೈಕಿ ಮೂವರಿಗೆ ಪಿಎಂಎಲ್ ಎಂಬ ಮಿದುಳಿನ ಸೋಂಕು ತಗುಲಿದ್ದು ಕ್ರಮೇಣ ಖಚಿತವಾಯಿತು; ಅವರಲ್ಲಿ ಇಬ್ಬರು ಉಳಿಯಲಿಲ್ಲ.

ಪಿಎಂಎಲ್‌ಗೆ ಕಾರಣವಾದದ್ದು ಜೆಸಿ ವೈರಸ್. 1971ರಲ್ಲಿ ಯಾವ ರೋಗಿಯ ಮಿದುಳಿನಿಂದ ಇದನ್ನು ಬೇರ್ಪಡಿಸಿದರೋ ಆತನ ಹೆಸರಿನ ಮೊದಲಕ್ಷರಗಳೇ ಇದರ ಹೆಸರಾದವು. ವಯಸ್ಕರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯೊಳಗೆ ಇದು ತೆಪ್ಪಗೆ ಬಿದ್ದಿರುತ್ತದೆ, ಹೆಚ್ಚಾಗಿ ಮೂತ್ರಪಿಂಡದಲ್ಲಿ. ಕಾವಲು ಸಡಿಲಾದಾಗ ಮಾತ್ರ ಅದಕ್ಕೆ ದಾರಿ ಸಿಗುತ್ತದೆ.

2006ರ ಜೂನ್‌ನಲ್ಲಿ ಮದ್ದು ಮತ್ತೆ ಬಂತು. ಅಪಾಯ ಗೊತ್ತಿದ್ದೂ ಅದು ಬೇಕೆಂದು ಅಮೆರಿಕದ ಸಮಿತಿಯ ಮುಂದೆ ಸಾಕ್ಷಿ ನುಡಿದವರಲ್ಲಿ ರೋಗಿಗಳೇ ಇದ್ದರು. ಈ ಸಲ ಷರತ್ತುಗಳಿದ್ದವು: ಪ್ರತಿ ರೋಗಿಯ ನೋಂದಣಿ, ಪ್ರತಿ ಡೋಸಿಗೂ ಮುನ್ನ ಪ್ರಶ್ನೆಗಳು. 2012ರಲ್ಲಿ ಜೆಸಿ ವೈರಸ್ ಪ್ರತಿಕಾಯದ ರಕ್ತಪರೀಕ್ಷೆಗೂ ಒಪ್ಪಿಗೆ ದೊರೆತು, ಆರಾರು ತಿಂಗಳಿಗೊಮ್ಮೆ ಅದನ್ನು ಮಾಡಿಸುವ ಪರಿಪಾಠ ಬೆಳೆಯಿತು. ಮದ್ದು ಎರಡು ವರ್ಷ ದಾಟಿದ್ದರೆ, ಹಿಂದೆ ರೋಗನಿರೋಧಕ ಶಕ್ತಿ ತಗ್ಗಿಸುವ ಬೇರೆ ಔಷಧಿ ನುಂಗಿದ್ದರೆ ಅಪಾಯ ಹೆಚ್ಚು.

ಕರ್ನಾಟಕದಲ್ಲಿ ಚಿತ್ರ ಸ್ವಲ್ಪ ತಿರುವು ಮುರುವು. ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಮಿದುಳು ಬ್ಯಾಂಕ್ ಕಟ್ಟಿದ ಡಾ. ಎಸ್.ಕೆ. ಶಂಕರ್ ಮತ್ತು ಸಂಗಡಿಗರು 2003ರಲ್ಲೇ ಒಂದು ಸೋಜಿಗ ಬರೆದಿದ್ದರು: ಪಶ್ಚಿಮದ ಏಡ್ಸ್ ರೋಗಿಗಳಲ್ಲಿ ಕಾಣುವಷ್ಟು ಪಿಎಂಎಲ್ ಭಾರತದಲ್ಲಿ ಕಾಣುತ್ತಿಲ್ಲವೇಕೆ? ಪ್ರಕರಣಗಳು ಇಲ್ಲಿಯೂ ವರದಿಯಾಗಿವೆ, ಆದರೆ ಆ ಪ್ರಶ್ನೆ ಇನ್ನೂ ಕುತೂಹಲದ್ದೇ.

ಇಲ್ಲಿನ ಚಿತ್ರ ಬೇರೆಯಾಗಲು ಇನ್ನೊಂದು ಕಾರಣ ಶುದ್ಧ ದುಡ್ಡಿನದು. ವಿದೇಶಿ ಇಂಜೆಕ್ಷನ್‌ಗಳ ಬೆಲೆ ಕೇಳಿದರೆ ಹೊಲ ಮಾರುವ ಮಾತು ಬರುತ್ತದೆ. 2007ರಲ್ಲಿ ಹೈದರಾಬಾದಿನ ಕಂಪನಿಯೊಂದು ರಿಟುಕ್ಸಿಮ್ಯಾಬ್‌ನ ದೇಸಿ ರೂಪ ತಂದ ಮೇಲೆ, ಕ್ಯಾನ್ಸರಿಗೆಂದು ಹುಟ್ಟಿದ ಈ ಮದ್ದು ನಮ್ಮ ನರವೈದ್ಯರ ಕೈಗೂ ಸಿಕ್ಕಿತು. ಎಂಎಸ್‌ಗೆಂದು ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದ್ದು 2023ರಲ್ಲಿ. ಪಟ್ಟಿಗಿಂತ ಬಡತನ ಮುಂದಿತ್ತು ಎನ್ನಬೇಕು.

ಮದ್ದು ಬದಲಾದಾಗ ಕಾಯಬೇಕಾದ ವೈರಸ್ಸೂ ಬದಲಾಯಿತು. ರಿಟುಕ್ಸಿಮ್ಯಾಬ್ ಬಿ-ಕಣಗಳನ್ನು ಕರಗಿಸುತ್ತದೆ. ಆಗ ಪಿತ್ತಜನಕಾಂಗದಲ್ಲಿ ಅಡಗಿದ ಹೆಪಟೈಟಿಸ್ ಬಿ ಎದ್ದು ಕೂರಬಹುದು. ಹಾಗಾಗಿಯೇ ಮೊದಲ ಡೋಸಿಗೂ ಮುಂಚೆ ನರವೈದ್ಯರು ಹೊಟ್ಟೆಯ ಡಾಕ್ಟರರಂತೆ ಕೇಳುತ್ತಾರೆ: "ಹಿಂದ ಯಾವಾಗರ ಕಾಮಣಿ ಆಗಿತ್ತೇನ್ರಿ?" ಕಾಮಣಿಯೆಂದರೆ ಕಾಮಾಲೆ. ಇಲ್ಲವೆಂದರೂ ಬಿಡುವಂತಿಲ್ಲ. ಲಕ್ಷಣವೇ ತೋರದೆ ಬಂದುಹೋದ ಸೋಂಕಿಗೆ ನೆನಪು ಸಾಕ್ಷಿಯಲ್ಲ. ವೈರಸ್ಸಿನ ಹೊರಕವಚದ ಪರೀಕ್ಷೆಯೊಂದನ್ನೇ ಮಾಡಿಸಿದರೆ ಹಳೆಯ ಸೋಂಕು ತಪ್ಪಿಹೋಗಬಹುದು. ಒಳತಿರುಳಿನ ಪ್ರತಿಕಾಯದ ಪರೀಕ್ಷೆಯೂ ಬೇಕು. ಎರಡೂ ವರದಿ ಕೈಗೆ ಬರುವವರೆಗೆ ಸಲೈನ್ ಸ್ಟ್ಯಾಂಡ್ ಮೂಲೆಯಲ್ಲೇ ನಿಂತಿರುತ್ತದೆ.

ಎಂಎಸ್‌ಗೇ ಕೊಡುವ ಫಿಂಗೋಲಿಮಾಡ್ ಮಾತ್ರೆಯಾದರೆ ಪ್ರಶ್ನೆ ಮತ್ತೊಂದು: ಚಿಕ್ಕಂದಿನಲ್ಲಿ ಚಿಕನ್‌ಪಾಕ್ಸ್, ಅಂದರೆ ಮನೆಮಾತಿನ 'ಅಮ್ಮ', ಬಂದಿತ್ತೇ? ಪ್ರತಿಕಾಯ ಇಲ್ಲದವರಿಗೆ ಮೊದಲು ಲಸಿಕೆ, ಬಳಿಕ ಮಾತ್ರೆ.

ಹೆಪಟೈಟಿಸ್ ಬಿ ಅಪಾಯ ಕಂಡವರಿಗೆ ಟೆನೊಫೊವಿರ್‌ನಂಥ ಮಾತ್ರೆ ಶುರುವಾಗುತ್ತದೆ. ರಿಟುಕ್ಸಿಮ್ಯಾಬ್ ನಿಲ್ಲಿಸಿದ ಮೇಲೂ ಅದನ್ನು ವರ್ಷವೋ ಅದಕ್ಕೂ ಹೆಚ್ಚೋ ಮುಂದುವರಿಸಬೇಕು. ಡ್ರಿಪ್ಪು ಮುಗಿಯಿತೆಂದು ಮಾತ್ರೆಯನ್ನೂ ಬಿಟ್ಟರೆ ತಿಂಗಳುಗಳ ನಂತರ ಕಣ್ಣು ಹಳದಿಯಾಗಬಹುದು. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವು ಹೆಪಟೈಟಿಸ್ ಬಿ ರೋಗಿಗಳಿಗೆ ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆಯನ್ನೂ ಔಷಧಿಯನ್ನೂ ಉಚಿತವಾಗಿ ಕೊಡುತ್ತದೆ. ಎಂಆರ್‌ಐ ಲಕೋಟೆಯ ಜೊತೆಗೆ ಆ ಮಾತ್ರೆಯ ಡಬ್ಬಿಯೂ ಈಗ ಕೆಲವರ ಚೀಲದಲ್ಲಿ ಬಸ್ಸು ಹತ್ತುತ್ತದೆ.