ಶೂನ್ಯಸಂಪಾದನೆ

ಶೂನ್ಯಸಂಪಾದನೆಯು 12ನೆಯ ಶತಮಾನದ ಶಿವಶರಣರ ವಚನಗಳನ್ನು ಸಂವಾದರೂಪದಲ್ಲಿ ಜೋಡಿಸಿ ರಚಿಸಲಾದ ಕನ್ನಡದ ಅನುಭಾವಗ್ರಂಥ. ಅಲ್ಲಮಪ್ರಭು ಇದರ ಕೇಂದ್ರವ್ಯಕ್ತಿ. ಅವನು ಒಬ್ಬೊಬ್ಬ ಶರಣರನ್ನು ಸಂಧಿಸಿ, ಅವರ ಸಾಧನೆಯ ಕೊರತೆಯನ್ನು ಪ್ರಶ್ನೆಗಳ ಮೂಲಕ ತೋರಿಸಿ, ಕೊನೆಗೆ ಕಲ್ಯಾಣದ ಅನುಭವಮಂಟಪದಲ್ಲಿ ಶೂನ್ಯಸಿಂಹಾಸನವನ್ನೇರುವುದು ಇದರ ಕಥಾಹಂದರ. ವಿಜಯನಗರದ ಕಾಲದಲ್ಲಿ ಈ ಕೃತಿಯ ನಾಲ್ಕು ಪರಿಷ್ಕರಣಗಳು ಸಿದ್ಧಗೊಂಡವು. ವೀರಶೈವ-ಲಿಂಗಾಯತ ತತ್ತ್ವದ ಆಕರಗ್ರಂಥವಾಗಿಯೂ, ವಚನಗಳನ್ನು ನಾಟಕೀಯ ಸಂದರ್ಭದಲ್ಲಿಟ್ಟು ನೋಡಿದ ಮೊದಲ ದೊಡ್ಡ ಪ್ರಯತ್ನವಾಗಿಯೂ ಇದಕ್ಕೆ ಕನ್ನಡ ಸಾಹಿತ್ಯದಲ್ಲಿ ವಿಶಿಷ್ಟ ಸ್ಥಾನವಿದೆ.

ಹೆಸರು ಮತ್ತು ಅರ್ಥ

'ಸಂಪಾದನೆ' ಎಂದರೆ ಗಳಿಕೆ, ಪಡೆಯುವಿಕೆ. 'ಶೂನ್ಯ' ಎಂದರೆ ಬಯಲು. ಏನೂ ಇಲ್ಲದುದನ್ನು ಗಳಿಸುವುದೆಂಬ ವಿರೋಧಾಭಾಸ ಹೆಸರಿನಲ್ಲಿಯೇ ಇದೆ. ಶರಣರ ಪರಿಭಾಷೆಯಲ್ಲಿ ಶೂನ್ಯವು ಅಭಾವವಲ್ಲ. ನಾನು-ನೀನು, ಪೂಜಿಸುವವನು-ಪೂಜೆಗೊಳ್ಳುವವನು ಎಂಬ ಭೇದಗಳು ಹುಟ್ಟುವುದಕ್ಕೆ ಮೊದಲಿನ ಅಖಂಡಸ್ಥಿತಿಯನ್ನು ಆ ಪದ ಸೂಚಿಸುತ್ತದೆ. ಆದ್ದರಿಂದ ಇಲ್ಲಿ ಸಂಪಾದಿಸುವುದೆಂದರೆ ಹೊಸದೊಂದನ್ನು ಕೂಡಿಸಿಕೊಳ್ಳುವುದಲ್ಲ, ಆ ಸ್ಥಿತಿಯನ್ನು ಮರೆಮಾಡಿರುವುದನ್ನು ಕಳೆದುಕೊಳ್ಳುವುದು. ಬೌದ್ಧರ ಶೂನ್ಯತೆ, ಅದ್ವೈತಿಗಳ ನಿರ್ಗುಣಬ್ರಹ್ಮ ಇವುಗಳೊಡನೆ ಈ ಕಲ್ಪನೆಯನ್ನು ಹೋಲಿಸಿ ಚರ್ಚಿಸಲಾಗಿದೆ. ಆದರೆ ಕೃತಿಯೊಳಗೆ ಅದು ಇಷ್ಟಲಿಂಗದ ಉಪಾಸನೆ ಮತ್ತು ಷಟ್‌ಸ್ಥಲ ಮಾರ್ಗದೊಡನೆ ಹೆಣೆದುಕೊಂಡೇ ಬರುತ್ತದೆ.

ಹಿನ್ನೆಲೆ

ಕಳಚುರಿ ಬಿಜ್ಜಳನ ಆಳ್ವಿಕೆಯಲ್ಲಿ ಕಲ್ಯಾಣವು (ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ) ಶರಣರ ಚಳವಳಿಯ ಕೇಂದ್ರವಾಗಿತ್ತು. ಬಿಜ್ಜಳನ ಅಂತ್ಯದ ಹೊತ್ತಿಗೆ ಶರಣರು ಚದುರಿಹೋದರು. ವಚನಗಳು ಅವರವರ ಅಂಕಿತದೊಡನೆ ಬಿಡಿಬಿಡಿಯಾಗಿ ಉಳಿದುಬಂದವು. ಒಂದು ವಚನವನ್ನು ಯಾವ ಸಂದರ್ಭದಲ್ಲಿ, ಯಾರನ್ನು ಕುರಿತು ಹೇಳಲಾಯಿತು ಎಂಬುದನ್ನು ವಚನವೇ ತಿಳಿಸುವುದು ಅಪರೂಪ.

ಅಲ್ಲಮನ ಚರಿತ್ರೆಯನ್ನು ಮೊದಲು ಕಾವ್ಯವಾಗಿಸಿದವನು ಹರಿಹರ. ಅವನ ಪ್ರಭುದೇವರ ರಗಳೆಯಲ್ಲಿ ಅಲ್ಲಮನು ಕಾಮಲತೆಯೆಂಬ ಹೆಣ್ಣನ್ನು ಪ್ರೀತಿಸಿ, ಅವಳ ಸಾವಿನಿಂದ ಕಂಗೆಟ್ಟು, ಆಮೇಲೆ ಗುರುವನ್ನು ಕಾಣುತ್ತಾನೆ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಅವನು ಹುಟ್ಟಿನಿಂದಲೇ ಮಾಯೆಗೆ ಸಿಲುಕದವನು. ಚಾಮರಸನಿದ್ದ ಪ್ರೌಢದೇವರಾಯನ ಕಾಲ (1424–1446) ವೀರಶೈವ ಸಾಹಿತ್ಯಕ್ಕೆ ಪುನರುಜ್ಜೀವನದ ಕಾಲ. ಲಕ್ಕಣ್ಣ ದಂಡೇಶ, ಜಕ್ಕಣಾರ್ಯ ಮೊದಲಾದವರು ಅದೇ ಕಾಲದವರು. ಚದುರಿದ್ದ ವಚನಗಳನ್ನು ಹುಡುಕಿ, ವರ್ಗೀಕರಿಸಿ, ಟೀಕೆ ಬರೆಯುವ ಕೆಲಸ ಆಗ ವ್ಯಾಪಕವಾಗಿ ನಡೆಯಿತು. ಶೂನ್ಯಸಂಪಾದನೆ ಹುಟ್ಟಿದ್ದು ಈ ವಾತಾವರಣದಲ್ಲಿ.

ನಾಲ್ಕು ಪರಿಷ್ಕರಣಗಳು

ಮೊದಲ ಶೂನ್ಯಸಂಪಾದನೆಯನ್ನು ಸಂಕಲಿಸಿದವನು ಶಿವಗಣಪ್ರಸಾದಿ ಮಹಾದೇವಯ್ಯ. ಅವನನ್ನು ಅನುಸರಿಸಿ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ ಮತ್ತು ಗೂಳೂರು ಸಿದ್ಧವೀರಣ್ಣೊಡೆಯ ತಮ್ಮತಮ್ಮ ಪರಿಷ್ಕರಣಗಳನ್ನು ಸಿದ್ಧಪಡಿಸಿದರು. ಕೊನೆಯ ಇಬ್ಬರು ಎಡೆಯೂರಿನ ತೋಂಟದ ಸಿದ್ಧಲಿಂಗಯತಿಯ ಪರಂಪರೆಗೆ ಸೇರಿದವರು. ನಾಲ್ಕೂ ಕೃತಿಗಳಲ್ಲಿ ಸಾವಿರಕ್ಕೂ ಮಿಕ್ಕಿದ ವಚನಗಳಿವೆ. ಇವುಗಳಲ್ಲಿ ಹೆಚ್ಚು ಪ್ರಚಾರದಲ್ಲಿರುವುದು ಗೂಳೂರು ಸಿದ್ಧವೀರಣ್ಣೊಡೆಯನದು.

ನಂತರದವರು ಮೂಲವನ್ನು ನಕಲು ಮಾಡಿ ಸುಮ್ಮನಾಗಲಿಲ್ಲ. ವಚನಗಳನ್ನು ಸೇರಿಸಿದರು, ಕೈಬಿಟ್ಟರು, ಪ್ರಸಂಗಗಳ ಕ್ರಮವನ್ನು ಬದಲಿಸಿದರು. ಈ ಬದಲಾವಣೆಗಳ ಹಿಂದೆ ತಾತ್ವಿಕ ನಿಲುವುಗಳಿದ್ದವು. ಸೊನ್ನಲಿಗೆಯ ಸಿದ್ಧರಾಮನ ದೀಕ್ಷೆಯ ಪ್ರಶ್ನೆ ಇದಕ್ಕೆ ಉತ್ತಮ ನಿದರ್ಶನ. ಮಹಾದೇವಯ್ಯನ ಕೃತಿಯಲ್ಲಿ ಸಿದ್ಧರಾಮನು ಇಷ್ಟಲಿಂಗದೀಕ್ಷೆ ಪಡೆಯುವ ಪ್ರಸಂಗವಿಲ್ಲ. ಗೂಳೂರು ಸಿದ್ಧವೀರಣ್ಣೊಡೆಯನ ಕೃತಿಯಲ್ಲಿ ಚನ್ನಬಸವಣ್ಣನು ಅವನಿಗೆ ದೀಕ್ಷೆ ನೀಡುತ್ತಾನೆ. ಅರಿವು ಮೂಡಿದವನಿಗೆ ಕುರುಹು ಬೇಕೇ ಬೇಡವೇ ಎಂಬುದು ಇಲ್ಲಿನ ನಿಜವಾದ ಪ್ರಶ್ನೆ. ಅದಕ್ಕೆ ಸಂಕಲನಕಾರರು ಒಂದೇ ಉತ್ತರ ಕೊಡಲಿಲ್ಲ ಎಂಬುದನ್ನು ಪರಿಷ್ಕರಣಗಳ ಹೋಲಿಕೆ ತೋರಿಸುತ್ತದೆ.

ರಚನಾವಿಧಾನ

ಕೃತಿಯ ಮುಖ್ಯಭಾಗ ವಚನಗಳೇ. ಸಂಕಲನಕಾರನು ಎರಡು ವಚನಗಳ ನಡುವೆ ಕಿರಿದಾದ ಗದ್ಯವನ್ನಿಟ್ಟು, ಒಂದು ವಚನವನ್ನು ಪ್ರಶ್ನೆಯಾಗಿಯೂ ಮತ್ತೊಂದನ್ನು ಅದರ ಉತ್ತರವಾಗಿಯೂ ಕಾಣಿಸುತ್ತಾನೆ. ಬೇರೆಬೇರೆ ಸಮಯದಲ್ಲಿ, ಒಬ್ಬರಿಗೊಬ್ಬರು ಅರಿಯದೆಯೂ ನುಡಿದಿರಬಹುದಾದ ಮಾತುಗಳು ಹೀಗೆ ಎದುರುಬದುರಾಗಿ ನಿಲ್ಲುತ್ತವೆ. ಬಿಡಿಯಾಗಿ ಓದಿದಾಗ ಆತ್ಮನಿವೇದನೆಯಾಗಿ ಕೇಳುವ ವಚನವು ಇಲ್ಲಿ ಸವಾಲಾಗಿ ಅಥವಾ ಸಮರ್ಥನೆಯಾಗಿ ಮಾರ್ಪಡುತ್ತದೆ.

ಈ ವಿಧಾನದಿಂದ ಗ್ರಂಥಕ್ಕೆ ಶಾಸ್ತ್ರಗ್ರಂಥಗಳಲ್ಲಿ ಕಾಣದ ಒಂದು ಗುಣ ಬಂದಿದೆ. ಸಿದ್ಧಾಂತವನ್ನು ಮೊದಲು ಹೇಳಿ ಆಮೇಲೆ ನಿದರ್ಶನ ಕೊಡುವ ಕ್ರಮ ಇಲ್ಲಿಲ್ಲ. ಒಬ್ಬ ಸಾಧಕನ ಬದುಕಿನಲ್ಲಿ ಎದುರಾದ ತೊಡಕು ಮೊದಲು ಬರುತ್ತದೆ, ವಾದ ಬೆಳೆದಂತೆ ತತ್ತ್ವ ತೆರೆದುಕೊಳ್ಳುತ್ತದೆ.

ಪ್ರಮುಖ ಪ್ರಸಂಗಗಳು

ಅನಿಮಿಷಯ್ಯ: ತೋಟಗಾರ ಗೊಗ್ಗಯ್ಯನ ತೋಟದ ನೆಲದಡಿಯಲ್ಲಿ ಹೂತುಹೋಗಿದ್ದ ಗುಡಿಯೊಳಗೆ ಅಲ್ಲಮನು ಅನಿಮಿಷಯ್ಯನನ್ನು ಕಾಣುತ್ತಾನೆ. ಮಾತಿನ ಉಪದೇಶವಿಲ್ಲದೆ, ಆ ಯೋಗಿಯ ಅಂಗೈಯಲ್ಲಿದ್ದ ಲಿಂಗ ಅಲ್ಲಮನ ಕೈಸೇರುತ್ತದೆ. ಉದ್ದಕ್ಕೂ ಮಾತಿನಿಂದಲೇ ಬೆಳೆಯುವ ಗ್ರಂಥದ ಮೂಲದಲ್ಲಿರುವುದು ಮೌನ.

ಮುಕ್ತಾಯಕ್ಕ: ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಶೋಕಿಸುತ್ತಿರುವ ಮುಕ್ತಾಯಕ್ಕನನ್ನು ಅಲ್ಲಮನು ಸಂತೈಸಲು ಬರುತ್ತಾನೆ. ಅಜಗಣ್ಣನು ತನ್ನ ಭಕ್ತಿಯನ್ನು ಯಾರಿಗೂ ತೋರಗೊಡದೆ ಬಾಳಿದ ಗುಪ್ತಭಕ್ತ. ಅವನೇ ಅವಳ ಗುರು. ಮುಕ್ತಾಯಕ್ಕನು ಅಲ್ಲಮನ ಮಾತನ್ನು ಸುಲಭವಾಗಿ ಒಪ್ಪುವುದಿಲ್ಲ. ಮಾತಿಗೆ ನಿಲುಕದುದನ್ನು ಕಂಡವನು ಮತ್ತೆ ಮಾತನಾಡುವುದೇಕೆ ಎಂದು ಅವನನ್ನೇ ತಿರುಗಿ ಪರೀಕ್ಷಿಸುತ್ತಾಳೆ. ನಾಯಕನನ್ನು ಹೀಗೆ ಕಟಕಟೆಯಲ್ಲಿ ನಿಲ್ಲಿಸುವ ಈ ಭಾಗವು ಗ್ರಂಥದ ತೀಕ್ಷ್ಣ ಸಂವಾದಗಳಲ್ಲೊಂದು.

ಸಿದ್ಧರಾಮ: ಸೊನ್ನಲಿಗೆಯಲ್ಲಿ (ಇಂದಿನ ಮಹಾರಾಷ್ಟ್ರದ ಸೊಲ್ಲಾಪುರ) ಕೆರೆ ಕಟ್ಟಿಸಿ, ಗುಡಿಗಳನ್ನು ನಿಲ್ಲಿಸಿ, ಜನೋಪಕಾರದಲ್ಲಿ ತೊಡಗಿದ್ದ ಸಿದ್ಧರಾಮನನ್ನು ಅಲ್ಲಮನು ಮಣ್ಣಿನ ಕೆಲಸದ ಒಡ್ಡನೆಂದು ಕರೆದು ಕೆಣಕುತ್ತಾನೆ. ಕೆರಳಿದ ಕೆಲಸಗಾರರು ಕಲ್ಲೆಸೆಯುತ್ತಾರೆ. ಅಲ್ಲಮನಿಗೆ ಏನೂ ಆಗುವುದಿಲ್ಲ. ಕೆರೆ ಕಟ್ಟುವುದು ತಪ್ಪೆಂಬುದು ಇಲ್ಲಿನ ವಾದವಲ್ಲ. ನಾನು ಕಟ್ಟಿಸಿದೆ ಎಂಬ ಭಾವವು ಸಾಧಕನನ್ನು ಕಟ್ಟಿಹಾಕುತ್ತದೆ ಎಂಬುದು ಅಲ್ಲಮನ ಆಕ್ಷೇಪ. ಮುಂದೆ ಇಬ್ಬರೂ ಕಲ್ಯಾಣಕ್ಕೆ ತೆರಳುತ್ತಾರೆ.

ಕಲ್ಯಾಣದ ಬಾಗಿಲು: ಅಲ್ಲಮ ಮತ್ತು ಸಿದ್ಧರಾಮ ಮಹಾಮನೆಗೆ ಬಂದಾಗ ಬಸವಣ್ಣನು ಲಿಂಗಪೂಜೆಯಲ್ಲಿ ಮಗ್ನನಾಗಿರುತ್ತಾನೆ. ತಾನೇ ಎದ್ದುಬರದೆ ಹಡಪದ ಅಪ್ಪಣ್ಣನನ್ನು ಕಳುಹಿಸುತ್ತಾನೆ. ಅಲ್ಲಮನು ಒಳಗೆ ಬರಲು ಒಪ್ಪುವುದಿಲ್ಲ. ಜಂಗಮನೇ ಬಾಗಿಲಲ್ಲಿ ನಿಂತಿರುವಾಗ ಅಂಗೈಯ ಲಿಂಗವನ್ನು ಪೂಜಿಸುವುದು ಎಂಥ ಪೂಜೆ ಎಂಬ ಪ್ರಶ್ನೆ ಏಳುತ್ತದೆ. ಚನ್ನಬಸವಣ್ಣನು ಸೂಕ್ಷ್ಮವನ್ನು ಗ್ರಹಿಸಿ ಬಸವಣ್ಣನನ್ನು ಎಚ್ಚರಿಸುತ್ತಾನೆ. ಕಿರಿಯನು ಹಿರಿಯನನ್ನು ತಿದ್ದುವ ಈ ಸನ್ನಿವೇಶದಲ್ಲಿ ಬಸವಣ್ಣನ ಹಿರಿಮೆ ಕಾಣುವುದು ಅವನು ತಿದ್ದುವಿಕೆಯನ್ನು ಒಪ್ಪಿಕೊಳ್ಳುವುದರಲ್ಲಿ.

ಮರುಳಶಂಕರದೇವ: ಬಸವಣ್ಣನ ಮಹಾಮನೆಯಲ್ಲಿಯೇ ಹನ್ನೆರಡು ವರ್ಷ ಯಾರ ಕಣ್ಣಿಗೂ ಬೀಳದೆ, ಪ್ರಸಾದಕುಂಡದ ಬಳಿ ಸೇವೆಯಲ್ಲಿ ಕಳೆದವನು ಮರುಳಶಂಕರದೇವ. ಅಲ್ಲಮನು ಅವನನ್ನು ಗುರುತಿಸಿ ಎಲ್ಲರಿಗೂ ತೋರಿಸುತ್ತಾನೆ. ಇಷ್ಟು ಹತ್ತಿರವಿದ್ದರೂ ಕಾಣದೆಹೋದೆವಲ್ಲ ಎಂಬ ಅಳಲು ಶರಣರನ್ನು ಕಾಡುತ್ತದೆ.

ಕಾಯಕದ ಪ್ರಸಂಗಗಳು: ಆಯ್ದಕ್ಕಿ ಮಾರಯ್ಯನು ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕದವನು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೆಂಡತಿ ಲಕ್ಕಮ್ಮ ಹೇಳುತ್ತಾಳೆ. ನುಲಿಯ ಚಂದಯ್ಯನು ಹಗ್ಗ ಹೊಸೆಯುವವನು. ಹುಲ್ಲು ಕೊಯ್ಯುವಾಗ ಜಾರಿಬಿದ್ದ ಇಷ್ಟಲಿಂಗವನ್ನು ಎತ್ತಿಕೊಳ್ಳದೆ ಅವನು ಕಾಯಕವನ್ನು ಮುಂದುವರಿಸುತ್ತಾನೆ. ಲಿಂಗವೇ ಅವನನ್ನು ಹಿಂಬಾಲಿಸುತ್ತದೆ. ಅವನ ಈ ಹಟವನ್ನು ತಿಳಿಗೊಳಿಸಲು ಮಡಿವಾಳ ಮಾಚಯ್ಯ ನಡುವೆ ಬರುತ್ತಾನೆ. ಕಾಶ್ಮೀರದ ಅರಸುತನವನ್ನು ತೊರೆದು ಕಟ್ಟಿಗೆ ಮಾರಿ ಬಾಳುವ ಮೋಳಿಗೆಯ ಮಾರಯ್ಯನಿಗೆ ಲಿಂಗೈಕ್ಯದ ಹಂಬಲ ಹುಟ್ಟಿದಾಗ, ಐಕ್ಯಕ್ಕಾಗಿ ಬೇರೆಲ್ಲಿಗೋ ಹೋಗಬೇಕೆಂಬ ಭಾವವೇ ಅಜ್ಞಾನವೆಂದು ಮಡದಿ ಮಹಾದೇವಿ ತಿಳಿಹೇಳುತ್ತಾಳೆ.

ಅಕ್ಕಮಹಾದೇವಿ: ಉಡುತಡಿಯಿಂದ ಕಲ್ಯಾಣಕ್ಕೆ ಬಂದ ಅಕ್ಕನನ್ನು ಅಲ್ಲಮನು ಕಠಿಣವಾಗಿ ಪ್ರಶ್ನಿಸುತ್ತಾನೆ. ನಿನ್ನ ಗಂಡನಾರು, ಉಡುಗೆಯನ್ನು ತೊರೆದ ಮೇಲೂ ಕೂದಲನ್ನು ಮರೆಮಾಡಿಕೊಂಡಿರುವುದೇಕೆ ಎಂಬ ಪ್ರಶ್ನೆಗಳಿಗೆ ಅಕ್ಕ ಅಳುಕದೆ ಉತ್ತರಿಸುತ್ತಾಳೆ. ಪರೀಕ್ಷೆ ಮುಗಿದಾಗ ಶರಣರು ಅವಳ ನಿಲವಿಗೆ ತಲೆಬಾಗುತ್ತಾರೆ. ಈ ಪ್ರಸಂಗವನ್ನು ಕೆಲವರು ಗೌರವಪೂರ್ವಕ ಪರೀಕ್ಷೆಯೆಂದು ಓದಿದರೆ, ಹೆಣ್ಣೊಬ್ಬಳು ಮಾತ್ರ ತನ್ನ ದೇಹದ ಬಗ್ಗೆ ಸಭೆಗೆ ಲೆಕ್ಕ ಒಪ್ಪಿಸಬೇಕಾಯಿತೆಂದು ಓದುವವರೂ ಇದ್ದಾರೆ.

ಗೋರಕ್ಷ: ಯೋಗದಿಂದ ವಜ್ರದೇಹ ಪಡೆದ ಗೋರಕ್ಷನನ್ನು ಕತ್ತಿಯಿಂದ ಹೊಡೆದಾಗ ಗಟ್ಟಿ ಲೋಹಕ್ಕೆ ತಗುಲಿದಂತೆ ಸದ್ದಾಗುತ್ತದೆ. ಅಲ್ಲಮನ ಮೇಲೆ ಬೀಸಿದ ಕತ್ತಿ ಬಯಲಲ್ಲಿ ಆಡಿದಂತೆ ಹಾದುಹೋಗುತ್ತದೆ. ದೇಹವನ್ನು ಗಟ್ಟಿಮಾಡುವ ಸಾಧನೆಗೂ ದೇಹಭಾವವನ್ನು ನೀಗುವ ಸಾಧನೆಗೂ ಇರುವ ಅಂತರವನ್ನು ಈ ಚಿತ್ರ ಒಮ್ಮೆಗೇ ಮನಗಾಣಿಸುತ್ತದೆ. ಈ ಪ್ರಸಂಗ ಗೂಳೂರು ಸಿದ್ಧವೀರಣ್ಣೊಡೆಯನ ಪರಿಷ್ಕರಣದಲ್ಲಿದೆ, ಪ್ರಭುಲಿಂಗಲೀಲೆಯಲ್ಲಿಯೂ ಬರುತ್ತದೆ.

ತಾತ್ವಿಕ ನೆಲೆ

ಕೃತಿಯ ತಾತ್ವಿಕ ಚೌಕಟ್ಟು ಷಟ್‌ಸ್ಥಲ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ನೆಲೆಗಳಲ್ಲಿ ಸಾಧಕನ ಅಂತರಂಗ ಮಾಗುತ್ತದೆ. ಅಂಗೈಯಲ್ಲಿ ಹಿಡಿದ ಇಷ್ಟಲಿಂಗವು ಪ್ರಾಣಲಿಂಗವಾಗಿ, ಭಾವಲಿಂಗವಾಗಿ ಒಳಸರಿಯುವುದು ಇದಕ್ಕೆ ಸಮಾಂತರವಾದ ಬೆಳವಣಿಗೆ. ಅರಿವು, ಮರೆವು, ಕುರುಹು ಎಂಬ ಪದಗಳು ಗ್ರಂಥದುದ್ದಕ್ಕೂ ಮರಳಿಮರಳಿ ಬರುತ್ತವೆ. ಕುರುಹು ಅರಿವಿಗೆ ದಾರಿ. ದಾರಿಯಲ್ಲಿಯೇ ನಿಂತವನಿಗೆ ಅದೇ ತಡೆ.

ಮೇಲಿನ ಪ್ರಸಂಗಗಳಲ್ಲಿ ಅಲ್ಲಮನು ಎದುರಿಸುವವರು ಪಾಪಿಗಳಲ್ಲ, ಅಜ್ಞಾನಿಗಳೂ ಅಲ್ಲ. ಒಬ್ಬನು ಲೋಕೋಪಕಾರಿ, ಒಬ್ಬನು ಪೂಜಾನಿಷ್ಠ, ಒಬ್ಬನು ಕಾಯಕನಿಷ್ಠ, ಒಬ್ಬಳು ವಿರಕ್ತೆ, ಒಬ್ಬನು ಯೋಗಸಿದ್ಧ. ಪ್ರತಿಯೊಬ್ಬರ ಸಾಧನೆಯೂ ನಿಜವಾದದ್ದೇ. ಆ ಸಾಧನೆಯೇ ಕೊನೆಯ ಅಹಂಕಾರವಾಗಿ ಉಳಿದುಬಿಡಬಹುದು ಎಂಬ ಎಚ್ಚರ ಇಡೀ ಗ್ರಂಥವನ್ನು ಒಂದಾಗಿ ಹಿಡಿದಿಟ್ಟಿದೆ. ಅಲ್ಲಮನು ಯಾರಿಗೂ ಹೊಸ ವ್ರತವನ್ನು ವಿಧಿಸುವುದಿಲ್ಲ. ಅವರು ಹಿಡಿದದ್ದರ ಹಿಡಿತವನ್ನು ಸಡಿಲಿಸುತ್ತಾನೆ. ಲಕ್ಕಮ್ಮ, ಮುಕ್ತಾಯಕ್ಕ, ಚನ್ನಬಸವಣ್ಣರಂತೆ ಇತರರೂ ಈ ಕೆಲಸ ಮಾಡುವುದರಿಂದ ಗುರುತ್ವವು ಒಬ್ಬನ ಸೊತ್ತಾಗಿ ಉಳಿಯುವುದಿಲ್ಲ.

ಐತಿಹಾಸಿಕತೆಯ ಪ್ರಶ್ನೆ

ವಚನಗಳ ಕಾಲಕ್ಕೂ ಮೊದಲ ಸಂಕಲನದ ಕಾಲಕ್ಕೂ ಎರಡೂವರೆ ಶತಮಾನಕ್ಕಿಂತ ಹೆಚ್ಚಿನ ಅಂತರವಿದೆ. ಆದ್ದರಿಂದ ಶೂನ್ಯಸಂಪಾದನೆಯ ಸಂವಾದಗಳನ್ನು ಅನುಭವಮಂಟಪದ ನಡಾವಳಿಯ ದಾಖಲೆಯೆಂದು ಭಾವಿಸಲಾಗದು. ಅನುಭವಮಂಟಪದ ಸ್ವರೂಪದ ಬಗೆಗೂ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ವಚನಗಳಿಗೆ ಈ ಗ್ರಂಥ ಕಲ್ಪಿಸಿದ ಸಂದರ್ಭಗಳು ಎಷ್ಟು ಗಾಢವಾಗಿ ನೆಲೆಯೂರಿವೆಯೆಂದರೆ, ಅಲ್ಲಮ-ಅಕ್ಕರ ಮುಖಾಮುಖಿಯಂಥವನ್ನು ಜನಮನಸ್ಸು ಚರಿತ್ರೆಯೆಂದೇ ಸ್ವೀಕರಿಸಿದೆ. ವಚನಕಾರರ ಕಾಲವನ್ನು ಅರಿಯಲು ಈ ಕೃತಿಯನ್ನು ಎಚ್ಚರದಿಂದ ಬಳಸಬೇಕು. 15-16ನೆಯ ಶತಮಾನದ ವಿರಕ್ತರು ಆ ಪರಂಪರೆಯನ್ನು ಹೇಗೆ ಅರ್ಥಮಾಡಿಕೊಂಡರು ಎಂಬುದಕ್ಕೆ ಮಾತ್ರ ಇದು ನೇರವಾದ ಸಾಕ್ಷ್ಯ.

ಪ್ರಕಟಣೆ ಮತ್ತು ಅಧ್ಯಯನ

ಓಲೆಗರಿಗಳಲ್ಲಿದ್ದ ವಚನಗಳನ್ನು ಸಂಗ್ರಹಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದ ಫ. ಗು. ಹಳಕಟ್ಟಿಯವರು 1930ರಲ್ಲಿ ಶೂನ್ಯಸಂಪಾದನೆಯನ್ನು ಪ್ರಕಟಿಸಿದರು. ಸಂ. ಶಿ. ಭೂಸನೂರಮಠ ಅವರ ಪರಿಷ್ಕೃತ ಆವೃತ್ತಿ 1958ರಲ್ಲಿ ಬಂದಿತು. ಅವರ 'ಶೂನ್ಯಸಂಪಾದನೆಯ ಪರಾಮರ್ಶೆ' ಎಂಬ ವಿಸ್ತಾರವಾದ ವ್ಯಾಖ್ಯಾನಕ್ಕೆ 1972ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆತಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು 1965ರಿಂದ 1972ರ ಅವಧಿಯಲ್ಲಿ ಮೂಲಪಾಠ ಮತ್ತು ವ್ಯಾಖ್ಯಾನಸಹಿತವಾದ ಇಂಗ್ಲಿಷ್ ಅನುವಾದವನ್ನು ಐದು ಸಂಪುಟಗಳಲ್ಲಿ ಪ್ರಕಟಿಸಿತು. ಶಿ. ಚೆ. ನಂದೀಮಠ, ಎಲ್. ಎಂ. ಎ. ಮೆನೆಜಸ್, ಆರ್. ಸಿ. ಹಿರೇಮಠ, ಭೂಸನೂರಮಠ ಮತ್ತು ಎಂ. ಎಸ್. ಸುಂಕಾಪುರ ಈ ಯೋಜನೆಯಲ್ಲಿ ದುಡಿದವರು. ಕನ್ನಡ ಬಾರದ ಓದುಗರಿಗೆ ಕೃತಿಯ ಪೂರ್ಣಪರಿಚಯ ಸಾಧ್ಯವಾದದ್ದು ಈ ಅನುವಾದದಿಂದ.

ಕರ್ನಾಟಕ ಸರ್ಕಾರವು 1993ರಲ್ಲಿ ಹೊರತಂದ ಸಮಗ್ರ ವಚನ ಸಂಪುಟಗಳಲ್ಲಿ ವಚನಗಳು ವಚನಕಾರರ ಹೆಸರಿನಡಿ ಬಿಡಿಯಾಗಿ ಲಭ್ಯವಿವೆ. ಹೀಗಾಗಿ ಒಂದೇ ವಚನವನ್ನು ಅಲ್ಲಿ ಸ್ವತಂತ್ರವಾಗಿಯೂ ಶೂನ್ಯಸಂಪಾದನೆಯಲ್ಲಿ ಸಂವಾದದ ಭಾಗವಾಗಿಯೂ ಓದಿ, ಸಂದರ್ಭವು ಅರ್ಥವನ್ನು ಹೇಗೆ ಬದಲಿಸುತ್ತದೆಂಬುದನ್ನು ಪರಿಶೀಲಿಸಬಹುದಾಗಿದೆ.

ಇವನ್ನೂ ನೋಡಿ

ಅಲ್ಲಮಪ್ರಭು
ವಚನ ಸಾಹಿತ್ಯ
ಅನುಭವಮಂಟಪ
ಷಟ್‌ಸ್ಥಲ
ಪ್ರಭುಲಿಂಗಲೀಲೆ