ಹಗೇವು: ನೆಲದೊಳಗಿನ ನಮ್ಮ ಇತಿಹಾಸ

ಇತಿಹಾಸವೆಂದರೆ ರಾಜರು ಮತ್ತು ಯುದ್ಧಗಳು ಎಂದೇ ನಾವು ತರಗತಿಯಲ್ಲಿ ಓದಿದ್ದೇವೆ. ಬೆಳೆದ ಕಾಳನ್ನು ರೈತನು ಮುಂದಿನ ಸುಗ್ಗಿಯವರೆಗೆ ಹೇಗೆ ಉಳಿಸಿಕೊಂಡನು ಎಂಬುದೂ ಇತಿಹಾಸವೇ. ಹಳೆ ಮೈಸೂರಿನ ರಾಗಿ ಸೀಮೆಯಲ್ಲಿ ಈ ಇತಿಹಾಸ ನೆಲದೊಳಗಿದೆ. ಅದರ ಹೆಸರು ಹಗೇವು.

ನೀರು ನಿಲ್ಲದ ಎತ್ತರದ ಜಾಗದಲ್ಲಿ, ಗಟ್ಟಿ ಮಣ್ಣು ನೋಡಿ ಹಗೇವು ತೋಡುತ್ತಿದ್ದರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು. ಒಳಗೆ ಗುಡಾಣದಂತೆ ಅಗಲ. ತಳಕ್ಕೂ ಸುತ್ತಲಿಗೂ ಒಣಹುಲ್ಲು ಹಾಸಿ, ಕಣದಲ್ಲಿ ತೂರಿ ಚೆನ್ನಾಗಿ ಒಣಗಿಸಿದ ರಾಗಿಯನ್ನು ತುಂಬಿ, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಹೀಗಿಟ್ಟ ರಾಗಿ ಹಲವು ವರ್ಷ ಕೆಡುತ್ತಿರಲಿಲ್ಲ.

ಇದರ ಗುಟ್ಟು ಸರಳ. ಮುಚ್ಚಿದ ಗುಂಡಿಯಲ್ಲಿ ಕಾಳೂ ಹುಳುವೂ ಉಸಿರಾಡಿ ಆಮ್ಲಜನಕ ಮುಗಿಯುತ್ತದೆ, ಇಂಗಾಲದ ಡೈ ಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳು ಸಾಯುತ್ತದೆ, ಕಾಳು ಉಳಿಯುತ್ತದೆ. ಆದರೆ ಆ ಗಾಳಿ ಮನುಷ್ಯನನ್ನೂ ಬಿಡದು. ಅದಕ್ಕೇ ಹಿರಿಯರು ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿರಲಿಲ್ಲ. ಅವಸರಪಟ್ಟು ಇಳಿದು ಜೀವ ಕಳೆದುಕೊಂಡವರೂ ಉಂಟು.

ಹಗೇವು ಎಲ್ಲರನ್ನೂ ಕಾಯಲಿಲ್ಲ ಎಂಬುದನ್ನೂ ಹೇಳಬೇಕು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. 1881ರಲ್ಲಿ 41 ಲಕ್ಷ 86 ಸಾವಿರ. ನಡುವೆ ಬಂದದ್ದು 1876–78ರ ಮಹಾ ಬರ. ಒಂದು ವರ್ಷ ಮಳೆ ಹೋದರೆ ಹಗೇವು ಕೈ ಹಿಡಿಯುತ್ತಿತ್ತು. ಮೇಲಿಂದ ಮೇಲೆ ಬೆಳೆ ಹೋದಾಗ ಅದೂ ಬರಿದಾಯಿತು. ತುಂಬಿಸಲು ಕಾಳೇ ಇಲ್ಲದ ಕೂಲಿಯವರಿಗಂತೂ ಅದು ಮೊದಲಿನಿಂದಲೂ ಇರಲಿಲ್ಲ.

ಸ್ವಾತಂತ್ರ್ಯದ ನಂತರ ಕಾಳಿನ ರಕ್ಷಣೆ ಸರ್ಕಾರದ ಕೆಲಸವೂ ಆಯಿತು. 1950ರಲ್ಲಿ ಮೈಸೂರಿನಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಆರಂಭವಾಗಿ, ಧಾನ್ಯದ ಕೀಟಗಳ ಹತೋಟಿಯ ಬಗ್ಗೆಯೂ ಸಂಶೋಧನೆ ನಡೆಸಿತು. 1965ರಲ್ಲಿ ಭಾರತ ಆಹಾರ ನಿಗಮ ಬಂತು. ತಗಡಿನ ಕಣಜಗಳು ಹಳ್ಳಿಗೆ ಬಂದವು. ನ್ಯಾಯಬೆಲೆ ಅಂಗಡಿ ಬಂದ ಮೇಲೆ ಮನೆಯಲ್ಲಿ ವರ್ಷಗಟ್ಟಲೆ ಕೂಡಿಡುವ ಅಗತ್ಯ ಕಡಿಮೆಯಾಯಿತು. ನಾಲೆ ಬಂದ ಕಡೆ ನೆಲ ತೇವವಾಗಿ ಗುಂಡಿಯಲ್ಲಿ ಕಾಳಿಡುವುದೇ ಕಷ್ಟವಾಯಿತು. ಹಗೇವುಗಳು ಒಂದೊಂದಾಗಿ ಮುಚ್ಚಿಹೋದವು.

ಹಗೇವು ಹೋದರೂ ಅದರ ತತ್ವ ಹಳತಾಗಲಿಲ್ಲ. ಪಶ್ಚಿಮ ಹಾಗೂ ಮಧ್ಯ ಆಫ್ರಿಕದ ಸಣ್ಣ ರೈತರ ಅಲಸಂದೆಯನ್ನು ಹುಳು ಕೆಲವೇ ತಿಂಗಳಲ್ಲಿ ತೂತು ಮಾಡಿಬಿಡುತ್ತಿತ್ತು. ಹುಳು ಬೀಳುವ ಮೊದಲೇ ಮಾರಬೇಕೆಂದು ಅವರು ಸುಗ್ಗಿಯಲ್ಲೇ ಸಿಕ್ಕಿದ ಬೆಲೆಗೆ ಕೊಡುತ್ತಿದ್ದರು. 1980ರ ದಶಕದ ಕೊನೆಯಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಕ್ಯಾಮರೂನ್ ದೇಶದ ಸಂಶೋಧಕರೊಂದಿಗೆ ಸೇರಿ ಇದಕ್ಕೆ ಉಪಾಯ ಹುಡುಕಿದರು. ಒಳಗೆ ಎರಡು ದಪ್ಪ ಪಾಲಿಥೀನ್ ಚೀಲ, ಹೊರಗೆ ಒಂದು ನೇಯ್ದ ಚೀಲ. ಒಂದೊಂದರ ಬಾಯಿಯನ್ನೂ ಬಿಗಿಯಾಗಿ ಕಟ್ಟಬೇಕು, ಅಷ್ಟೆ. ಔಷಧಿ ಬೇಡ. ಗಾಳಿಯಿಲ್ಲದೆ ಹುಳು ಸಾಯುತ್ತದೆ. ನಮ್ಮ ಹಿರಿಯರು ನೆಲದಲ್ಲಿ ಮಾಡಿದ್ದನ್ನು ಈ ಚೀಲ ಮನೆಯ ಮೂಲೆಯಲ್ಲಿ ಮಾಡುತ್ತದೆ. ಆದರೆ ಒದ್ದೆ ಕಾಳನ್ನು ಹಗೇವೂ ಉಳಿಸದು, ಚೀಲವೂ ಉಳಿಸದು. ಮೊದಲು ಬಿಸಿಲು, ಆಮೇಲೆ ಬಿಗಿ.

ನಮ್ಮ ದೇಶದಲ್ಲಿ ಈಗಲೂ ನಷ್ಟ ನಿಂತಿಲ್ಲ. ಕೊಯ್ಲಿನಿಂದ ಹಿಡಿದು ಸಂಗ್ರಹಣೆಯವರೆಗೆ ಏಕದಳ ಧಾನ್ಯಗಳಲ್ಲಿ ಶೇಕಡಾ 4.65ರಿಂದ 5.99ರಷ್ಟು ಹಾಳಾಗುತ್ತದೆಂದು 2015ರ ರಾಷ್ಟ್ರೀಯ ಅಧ್ಯಯನ ತಿಳಿಸಿತು. ಎಂದರೆ ನೂರು ಮೂಟೆ ಬೆಳೆದರೆ ಸುಮಾರು ಐದು ಮೂಟೆ ಯಾರ ಹೊಟ್ಟೆಗೂ ಸೇರದು.

ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ. ಊರಿನ ಹಿರಿಯರನ್ನು ಕೇಳಿ, ಹಗೇವುಗಳು ಎಲ್ಲೆಲ್ಲಿದ್ದವು, ಯಾರ ಮನೆಯವು, ಎಷ್ಟು ಖಂಡುಗ ಹಿಡಿಯುತ್ತಿದ್ದವು ಎಂದು ಬರೆದಿಡಲಿ. ಬಾಯಿ ಸಡಿಲವಾಗಿ ಉಳಿದಿರುವ ಹಗೇವು ಕಂಡರೆ ಹತ್ತಿರ ಹೋಗದೆ ಪಂಚಾಯಿತಿಗೆ ತಿಳಿಸಲಿ. ಅದರೊಳಗೆ ಇಳಿದು ರಾಗಿ ತೆಗೆದ ಕೈಗಳು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.